ಶಿಶುನಾಳದ ಪದಕ್ಕೆ ಆರು ತಂತಿ

ಶಿಗ್ಗಾಂವ ಕಡೆಯ ಒಂದು ಕಾಲೇಜಿನ ಗ್ಯಾದರಿಂಗ್‌ಗೆ ಹೋಗಿದ್ದೆವು. ಬಿ.ಕಾಂ. ಓದುವ ಹುಡುಗನೊಬ್ಬ ಗಿಟಾರ್ ಕೊರಳಿಗೆ ಹಾಕಿಕೊಂಡು ವೇದಿಕೆಗೆ ಬಂದ. ಮೈಕಿನ ಹತ್ತಿರ ಬಾಗಿ, ‘ಈಗ ರಘು ದೀಕ್ಷಿತ್ ಸರ್ ಬರೆದ ಹಾಡು’ ಅಂದ. ಶುರುವಾಗಿದ್ದು ಗುಡುಗುಡಿ ಪದ.

ಹುಡುಗರು ಕುರ್ಚಿ ಬಿಟ್ಟೆದ್ದು ಕುಣಿದರು. ಹುಡುಗ ಚೆನ್ನಾಗಿಯೇ ಹಾಡಿದ. ನಮ್ಮ ಪಕ್ಕ ಒಬ್ಬ ಹಿರಿಯರು ಕೂತಿದ್ದರು, ಮೊಮ್ಮಗಳ ಡಾನ್ಸ್ ನೋಡಲು ಬಂದವರು, ಊರ ಭಜನಾ ಮೇಳದಲ್ಲಿ ದಮ್ಮಡಿ ಬಾರಿಸುವವರು. ಅವರು ತಮ್ಮಷ್ಟಕ್ಕೇ ಅಂದರು: ‘ಅದನ್ನ ಬರದಾವ್ರು ನಮ್ಮ ಶರೀಫಜ್ಜಾರು ಅಲ್ಲೇನೊ ತಮ್ಮಾ.’ ಆ ಗದ್ದಲದಾಗ ಯಾರಿಗೂ ಕೇಳಿಸಲಿಲ್ಲ.

ಶಿಶುನಾಳ ಇದೇ ಶಿಗ್ಗಾಂವ ತಾಲ್ಲೂಕಿನ ಊರು. ಬಸ್ ಹತ್ತಿದರೆ ಹೋಗಿ ಗದ್ದಿಗೆಗೆ ಕಾಯಿ ಒಡೆಸಿ, ಸಕ್ಕರೆ ಓದಿಸಿ, ಮಧ್ಯಾಹ್ನದೊಳಗೆ ವಾಪಸ್ ಬರಬಹುದು. ಅಷ್ಟು ಹತ್ತಿರದ ಕವಿಯ ಹೆಸರು ನಮ್ಮದೇ ಹುಡುಗರ ಬಾಯಿಂದ ಹೇಗೆ ಜಾರಿತು? ಈ ಪದ ಏಕತಾರಿಯಿಂದ ಗಿಟಾರಿಗೆ ಬಂದ ದಾರಿ ಯಾವುದು? ಅದನ್ನು ಹುಡುಕುತ್ತ ಹೋದಾಗ ನಾವು ಇಂಗ್ಲೆಂಡಿನ ಲಿವರ್‌ಪೂಲ್‌ವರೆಗೂ ಹೋಗಬೇಕಾಯಿತು. ಹೋಗಿದ್ದು ಮೊಬೈಲಿನಲ್ಲಿ, ಟಿಕೆಟ್ ಖರ್ಚಿಲ್ಲದೆ.

ಮೊದಲು ಊರಿನ ಮಾತು. ಮಹಮ್ಮದ್ ಶರೀಫರು ಹುಟ್ಟಿದ್ದು 1819ರಲ್ಲಿ. ತಂದೆ ಇಮಾಮ್ ಸಾಹೇಬರು. ಹುಲಗೂರಿನ ಖಾದ್ರಿ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಎಂದು ಇಂದಿಗೂ ಸುತ್ತಲಿನ ಊರುಗಳಲ್ಲಿ ಹೇಳುತ್ತಾರೆ. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದರು. ಕುಂದಗೋಳ ಕಡೆಯ ಕಳಸದ ಗೋವಿಂದಭಟ್ಟರು ಅವರ ಗುರು. ಮುಸಲ್ಮಾನ ಶಿಷ್ಯನಿಗೆ ಬ್ರಾಹ್ಮಣ ಗುರು ಜನಿವಾರ ಹಾಕಿದ ಕಥೆ ನಿಮಗೆಲ್ಲ ಗೊತ್ತು. 1889ರಲ್ಲಿ, ಎಪ್ಪತ್ತರ ವಯಸ್ಸಿಗೆ, ತೀರಿಕೊಂಡರು.

ಶರೀಫರ ಪದಗಳಲ್ಲಿ ಮನೆಯೊಳಗಿನ ಸಾಮಾನೇ ತುಂಬಿದೆ. ಗುಡುಗುಡಿ ಅಂದರೆ ಹುಕ್ಕಾ. ಹಿಂದೆ ಕಟ್ಟೆಯ ಮೇಲೆ ಕೂತವರು ಸೇದುತ್ತಿದ್ದದ್ದು. ಮಾಳಿಗಿ ಅಂದರೆ ನಮ್ಮ ಕಡೆಯ ಮಣ್ಣಿನ ಚಪ್ಪಟೆ ಮಾಡು. ಮಳೆಗಾಲಕ್ಕೆ ಮೊದಲು ಅದರ ಮೇಲೆ ಮಣ್ಣು ಹಾಕಿ ಬಿರುಕು ಮುಚ್ಚಬೇಕು, ಇಲ್ಲವಾದರೆ ರಾತ್ರಿ ಮಲಗಿದವರ ಮುಖದ ಮೇಲೆ ನೀರು. ಈಗ ಎಲ್ಲ ಕಡೆ ಆರ್.ಸಿ.ಸಿ., ಇಲ್ಲವೆ ತಗಡು. ಸೋರುವ ಮಾಳಿಗಿಯ ಹಾಡು ಹಾಡುವ ಹುಡುಗರಲ್ಲಿ ಎಷ್ಟು ಮಂದಿ ಮಾಳಿಗಿ ನೋಡಿದ್ದಾರೋ! ಇನ್ನು ಕೋಡಗನ ಪದ. ಕೋಳಿಯೊಂದು ಮಂಗವನ್ನು ನುಂಗುವ ಆ ಉಲ್ಟಾ ಲೋಕ ನಗಿಸುತ್ತದೆ, ಆಮೇಲೆ ತಲೆ ಕೆಡಿಸುತ್ತದೆ. ಅಲ್ಲಮನ ಬೆಡಗಿನ ವಚನಗಳ ಬಳಗ ಅದು.

ಅವರು ಬ್ರಿಟಿಷರ ಯಂತ್ರವನ್ನೂ ಬಿಡಲಿಲ್ಲ. ಗಿರಣಿಯ ಮೇಲೇ ಒಂದು ಪದ ಕಟ್ಟಿದ್ದಾರೆ. ಅವರ ಕಾಲದಲ್ಲಿ ಧಾರವಾಡ ಸೀಮೆಯ ಹೊಲಗಳಿಗೆ ಅಮೆರಿಕದ ಹತ್ತಿ ತಳಿ ಬಂದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಹತ್ತಿ ಸಿಗದೆ, ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿ ಇಳಿಯುತ್ತಿದ್ದ ದೊಡ್ಡ ಬಂದರು ಲಿವರ್‌ಪೂಲ್. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಹೇಳಬೇಕಾದದ್ದು ಇಷ್ಟು: ಹೊರಗಿನಿಂದ ಬಂದ ಯಂತ್ರ ಕಂಡು ಶರೀಫರು ಮುಖ ತಿರುಗಿಸಲಿಲ್ಲ, ಅದನ್ನೂ ತತ್ವಪದಕ್ಕೆ ತಂದರು.

ಈ ಪದಗಳು ಉಳಿದದ್ದು ಬಾಯಿಂದ ಬಾಯಿಗೆ. ಅಮವಾಸ್ಯೆ ರಾತ್ರಿ ಮಠದಲ್ಲಿ, ಶ್ರಾವಣದಲ್ಲಿ ಗುಡಿಯ ಪೌಳಿಯಲ್ಲಿ, ಅಲಾವಿ ಹಬ್ಬದಲ್ಲಿ ರಿವಾಯತ ಹಾಡುವವರ ನಡುವೆ. ಮತ್ತೊಂದು ಜಾಗ ಇದೆ, ಅದನ್ನು ಮರೆಯಬಾರದು. ಯಾರಾದರೂ ಸಂಜೆ ಹೊತ್ತಿಗೆ ಸತ್ತರೆ, ಮಣ್ಣು ಮರುದಿನ ಎಂದಾದರೆ, ರಾತ್ರಿಯಿಡೀ ಹೆಣದ ಮುಂದೆ ಭಜನೆ ನಡೆಯುತ್ತದೆ. ಮಾಳಿಗಿ ಪದ ಅಲ್ಲಿ ಹಾಡುವ ಪದ. ಸೋರುವ ಮನೆ ಎಂದರೆ ಈ ದೇಹ ಎಂದು ಅಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ, ಎದುರಿಗೇ ಮಲಗಿರುತ್ತದೆ.

ಹಾಡುವ ಕ್ರಮ ಸರಳ. ಮುಂದೆ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಹಿಂದಿನವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ತಬಲಾ, ಪೇಟಿ. ಒಂದೊಂದು ನುಡಿ ಮುಗಿದಾಗಲೂ ಪಲ್ಲಕ್ಕೆ ವಾಪಸ್. ಒಂದು ಪದ ಹತ್ತು ನಿಮಿಷಕ್ಕೂ ಮುಗಿಯಬಹುದು, ಮೇಳ ರಂಗಕ್ಕೆ ಬಂದರೆ ಅರ್ಧ ತಾಸೂ ಹಿಡಿಯಬಹುದು. ಒಂದೇ ಪದಕ್ಕೆ ಊರೂರಿಗೆ ಬೇರೆ ಧಾಟಿ. ಶಿಗ್ಗಾಂವ ಕಡೆಯ ಮೇಳದವರು ಹಾನಗಲ್ಲ ಕಡೆಯವರ ಧಾಟಿ ಕೇಳಿ ‘ಇದೇನ್ರಿ, ಎತ್ತಿನ ಗಾಡಿ ಹೊಡದಂಗ ಹಾಡ್ತೀರಿ’ ಎಂದು ನಗುವುದನ್ನು ನಾವೇ ಕೇಳಿದ್ದೇವೆ.

ಇಲ್ಲಿ ಪೇಟಿಯ ಕಥೆ ಸ್ವಲ್ಪ ಹೇಳಬೇಕು. ಗಿಟಾರ್ ಕಂಡ ಕೂಡಲೇ ‘ಪರದೇಶಿ ವಾದ್ಯ’ ಅನ್ನುವವರು ಪೇಟಿಯನ್ನು ನಮ್ಮದೇ ಎಂದುಕೊಂಡಿರುತ್ತಾರೆ. ಹಾರ್ಮೋನಿಯಂ 1840ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ತಯಾರಾದ ವಾದ್ಯ. ಆಗ ಅದನ್ನು ಕುರ್ಚಿಯ ಮೇಲೆ ಕೂತು ಕಾಲಿನಿಂದ ಒತ್ತಿ ನುಡಿಸಬೇಕಿತ್ತು. ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವ ಪೇಟಿಯನ್ನು ಕಲ್ಕತ್ತಾದ ಕುಶಲಕರ್ಮಿಗಳು ಮಾಡಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಶರೀಫರು ತೀರಿಕೊಂಡ ಹೊತ್ತಿಗೆ ಅದಿನ್ನೂ ಹೊಸ ಸರಕು. 1940ರಲ್ಲಿ ಆಕಾಶವಾಣಿ ಇದೇ ಪೇಟಿಯನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು. ನಮ್ಮ ಸಂಗೀತದ ಜಾರುವ ಸ್ವರಗಳನ್ನು ಈ ಪರದೇಶಿ ಪೆಟ್ಟಿಗೆ ಹಿಡಿಯಲಾರದು ಎಂಬುದು ತಕರಾರು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಮೂವತ್ತು ವರ್ಷ ರೇಡಿಯೊದವರು ಬಾಗಿಲು ಹಾಕಿಕೊಂಡಿದ್ದರೂ ಹಳ್ಳಿಯ ಮೇಳಗಳು ಪೇಟಿ ಬಿಡಲಿಲ್ಲ. ಇವತ್ತು ಪೇಟಿ ಇಲ್ಲದ ಭಜನೆ ಯಾವ ಊರಲ್ಲಿದೆ ಹೇಳಿ.

ಶರೀಫರ ಪದಗಳು ಉತ್ತರ ಕರ್ನಾಟಕ ದಾಟಿ ಇಡೀ ನಾಡಿಗೆ ತಲುಪಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಪದಗಳನ್ನು ಹುಡುಕಿ ಜನರ ಮುಂದಿಟ್ಟವರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪ್ರಮುಖರು. ಅವರನ್ನು ‘ಶರೀಫ ಭಟ್ಟ’ ಎಂದೇ ಕರೆಯುತ್ತಿದ್ದರು. ಹಾಡಿದವರು ಸಿ. ಅಶ್ವತ್ಥ್. ಬೆಂಗಳೂರಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದ ಮನುಷ್ಯ. ಆ ಕಂಚಿನ ಕಂಠ ನಮ್ಮ ಹೋಟೆಲು, ಟ್ರ್ಯಾಕ್ಟರು, ಮದುವೆ ಮಂಟಪ ಎಲ್ಲ ಕಡೆ ಕೇಳಿಸಿತು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಸಂಗೀತ ಅಶ್ವತ್ಥರದೇ.

ಅಲ್ಲಿಂದ ಮುಂದೆ ಒಂದು ಬದಲಾವಣೆ ಆಯಿತು, ಆಗ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಊರೂರಿಗೆ ಬೇರೆ ಬೇರೆ ಇದ್ದ ಧಾಟಿಗಳ ಮೇಲೆ ಅಶ್ವತ್ಥರ ಧಾಟಿ ಕೂತುಬಿಟ್ಟಿತು. ‘ಕೋಡಗನ ಕೋಳಿ’ ಅಂದರೆ ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೆ. ನಮ್ಮ ಊರುಗಳ ಮೇಳದವರೇ ಅದನ್ನು ಕೇಳಿ ಕಲಿತರು. ತಪ್ಪು ಅಶ್ವತ್ಥರದಲ್ಲ, ಅವರು ಹಾಡಿದ್ದು ಅಷ್ಟು ಚಂದ. ಆದರೆ ಲೆಕ್ಕ ಹಿಡಿಯುವುದಾದರೆ ಧಾಟಿಗಳ ಕಳವು ಗಿಟಾರಿನಿಂದ ಶುರುವಾಗಲಿಲ್ಲ. ಅದು ಕ್ಯಾಸೆಟ್ಟಿನಿಂದಲೇ ಶುರುವಾಗಿತ್ತು.

ಈಗ ಲಿವರ್‌ಪೂಲ್‌ಗೆ ಹೋಗೋಣ. ಅಲ್ಲಿಯ ಗಿಟಾರಿನ ಕಥೆ ಸ್ವಲ್ಪ ತಿಳಿದರೆ ನಮ್ಮದು ಸರಿಯಾಗಿ ಕಾಣುತ್ತದೆ.

ಬ್ರಿಟನ್ನಿನ ಹುಡುಗರ ಕೈಗೆ ಗಿಟಾರ್ ಕೊಟ್ಟದ್ದು ಒಂದು ರೈಲಿನ ಹಾಡು. 1934ರಲ್ಲಿ ಅಮೆರಿಕದ ಆರ್ಕನ್ಸಾ ಎಂಬ ರಾಜ್ಯದ ಜೈಲಿನಲ್ಲಿ ಕರಿಯ ಕೈದಿಗಳು ಹಾಡುತ್ತಿದ್ದ ಹಾಡನ್ನು ಜಾನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕ ಧ್ವನಿಮುದ್ರಿಸಿಕೊಂಡ. ಲೆಡ್ ಬೆಲಿ ಎಂಬ ಕರಿಯ ಹಾಡುಗಾರ ಅದನ್ನು ಕಲಿತು ತನ್ನದು ಮಾಡಿಕೊಂಡ. ಅವನು 1949ರಲ್ಲಿ ಸತ್ತ. 1956ರಲ್ಲಿ ಲೋನಿ ಡಾನಿಗನ್ ಎಂಬ ಬ್ರಿಟಿಷ್ ಹುಡುಗ ಹಾಡಿದ ಅದೇ ‘ರಾಕ್ ಐಲೆಂಡ್ ಲೈನ್’ ಬ್ರಿಟನ್ನಿನ ಮನೆಮನೆಯಲ್ಲೂ ಕೇಳಿಸಿತು. ಮೂರು ಕಾರ್ಡ್ ಬಂದರೆ ಸಾಕು, ಬಟ್ಟೆ ತಿಕ್ಕುವ ತಗಡಿನ ಹಲಗೆಯೇ ತಾಳ. ಸ್ಕಿಫಲ್ ಎಂದು ಅದಕ್ಕೆ ಹೆಸರು. ಬಡವರ ಮಕ್ಕಳು ಅಗ್ಗದ ಗಿಟಾರ್ ಕೊಂಡು ಗುಂಪು ಕಟ್ಟಿದರು. ಅಂಥ ಒಂದು ಗುಂಪು ಲಿವರ್‌ಪೂಲ್‌ನ ಕ್ವಾರಿಮೆನ್. 1957ರ ಜುಲೈ 6ರಂದು ಅವರು ಒಂದು ಚರ್ಚಿನ ಜಾತ್ರೆಯಲ್ಲಿ ಹಾಡುತ್ತಿದ್ದಾಗ, ಗುಂಪಿನ ಜಾನ್ ಲೆನನ್‌ಗೆ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಮುಂದೆ ಅವರೇ ಬೀಟಲ್ಸ್ ಆದರು.

ಕರಿಯ ಕೈದಿಗಳ ದುಡಿಮೆಯ ಹಾಡು, ಬಿಳಿಯ ಹುಡುಗನ ಹೆಸರಿನಲ್ಲಿ ಹಿಟ್. ನಮ್ಮ ಗ್ಯಾದರಿಂಗ್ ನೆನಪಾಯಿತಲ್ಲವೆ?

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ತಮ್ಮ ಹಾಡೊಂದಕ್ಕೆ ಸಿತಾರ್ ನುಡಿಸಿದ, ಆಮೇಲೆ ಪಂಡಿತ ರವಿಶಂಕರರ ಬಳಿ ಕಲಿತ. 1968ರಲ್ಲಿ ನಾಲ್ವರೂ ಹೃಷಿಕೇಶಕ್ಕೆ ಬಂದಿದ್ದರು. ಗುಂಪು ಒಡೆದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1990ರ ದಶಕದಲ್ಲಿ, ಅದೇ ಲವಲವಿಕೆಯ ಗಿಟಾರ್ ಹಾಡನ್ನು ಹೊಸ ಹುಡುಗರು ತಿರುಗಿ ಎತ್ತಿಕೊಂಡರು. ಅದಕ್ಕೆ ಬ್ರಿಟ್‌ಪಾಪ್ ಎಂದರು. 1995ರ ಆಗಸ್ಟ್‌ನಲ್ಲಿ ಬ್ಲರ್ ಮತ್ತು ಓಯಸಿಸ್ ಎಂಬ ಎರಡು ಗುಂಪುಗಳು ಒಂದೇ ದಿನ ಹಾಡು ಬಿಟ್ಟವು. ಟಿ.ವಿ. ಸುದ್ದಿಯಲ್ಲಿ ಚುನಾವಣೆಯಂತೆ ಅದರ ಚರ್ಚೆ ನಡೆಯಿತು. ಬ್ಲರ್‌ನದು 2,74,000 ಪ್ರತಿ, ಓಯಸಿಸ್‌ನದು 2,16,000. ಮರುವರ್ಷ ನೆಬ್‌ವರ್ತ್ ಎಂಬಲ್ಲಿ ಎರಡು ರಾತ್ರಿ ಸೇರಿ ಎರಡೂವರೆ ಲಕ್ಷ ಜನ ಓಯಸಿಸ್ ಕೇಳಿದರು. 2009ರಲ್ಲಿ ಅಣ್ಣ-ತಮ್ಮನ ಜಗಳಕ್ಕೆ ಓಯಸಿಸ್ ಒಡೆಯಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಆ ಇಬ್ಬರು 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. ಅಪ್ಪ-ಮಗ ಒಟ್ಟಿಗೆ ನಿಂತು ಹಾಡುವ ರೀಲ್‌ಗಳು ನಿಮ್ಮ ಫೋನಿಗೂ ಬಂದಿರಬಹುದು. ಹೊಲದ ಪಾಲಿಗೆ ಜಗಳಾಡಿದ ಅಣ್ಣತಮ್ಮಂದಿರು ನಮ್ಮ ಕಡೆ ಇಷ್ಟು ಬೇಗ ಒಂದಾಗುವುದಿಲ್ಲ, ಬಿಡಿ.

ಓಯಸಿಸ್ ಒಡೆದ ಮರುವರ್ಷ, 2010ರಲ್ಲಿ, ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ಲುಂಗಿ ಉಟ್ಟು, ಗಿಟಾರ್ ಹಿಡಿದ ಒಬ್ಬ ಕನ್ನಡಿಗ ನಿಂತಿದ್ದರು. ಬ್ರಿಟನ್ನಿನ ಗಿಟಾರ್ ಗುಂಪುಗಳು ‘ಒಮ್ಮೆ ಕರೆದರೆ ಸಾಕು’ ಎಂದು ಕಾಯುವ ಕಾರ್ಯಕ್ರಮ ಅದು.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ, ಓದಿದ್ದು ಮೈಕ್ರೊಬಯಾಲಜಿ, ಅದರಲ್ಲಿ ಚಿನ್ನದ ಪದಕ. ಗಿಟಾರ್ ಕಲಿತದ್ದು ಕಾಲೇಜಿನಲ್ಲಿ, ಹಟಕ್ಕೆ. ಗಂಡಸು ಬಣ್ಣ ಹಚ್ಚಿಕೊಂಡು ಕುಣಿಯುವುದೇನು ಎಂದು ಗಿಟಾರ್ ನುಡಿಸುವ ಸಹಪಾಠಿಯೊಬ್ಬ ಹಂಗಿಸಿದ್ದಕ್ಕೆ ಬಾಜಿ ಕಟ್ಟಿ ಕಲಿತೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೆಲ್ಜಿಯಂನಲ್ಲಿ ನೌಕರಿಗೆ ಹೋಗಿದ್ದವರು ಬಿಟ್ಟು ಬಂದು ಹಾಡಿಗೆ ನಿಂತರು. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಗುಂಪು ಶುರುವಾಗಿದ್ದು 2005ರಲ್ಲಿ. ಅದೇ ವರ್ಷ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ನಡೆದು ಲಕ್ಷದ ಲೆಕ್ಕದಲ್ಲಿ ಜನ ಸೇರಿದ್ದರು. ಒಂದು ಧಾಟಿ ಶಿಖರ ಮುಟ್ಟಿದ ವರ್ಷವೇ ಇನ್ನೊಂದು ಕಣ್ಣು ಬಿಟ್ಟಿತು.

2008ರಲ್ಲಿ ಅವರ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ನಮ್ಮ ಗುಡುಗುಡಿ ಮತ್ತು ಮಾಳಿಗಿ ಪದಗಳು ಕೂತಿದ್ದವು, ಹೊಸ ಧಾಟಿಯಲ್ಲಿ. ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ಬೆನ್ನಿಗೇ ಆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಸಿಕ್ಕಿತು, ಗ್ಲಾಸ್ಟನ್‌ಬರಿ ಎಂಬ ದೊಡ್ಡ ಸಂಗೀತ ಜಾತ್ರೆಯಲ್ಲೂ ಹಾಡಿದರು. ದನ ಮೇಯುವ ಹೊಲದಲ್ಲಿ, ಕೆಸರಿನಲ್ಲಿ, ಡೇರೆ ಹೊಡೆದು ದಿನಗಟ್ಟಲೆ ನಡೆಯುವ ಜಾತ್ರೆ ಅದು. ಅದೇ 2011ರಲ್ಲಿ ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಹೆದ್ದಾರಿಯಲ್ಲಿ ಹೋಗುವಾಗ ನೀವು ಫಲಕ ನೋಡಿರುತ್ತೀರಿ. 2013ರ ‘ಜಗ್ ಚಂಗಾ’ ಆಲ್ಬಮ್ಮಿಗೆ ಶರೀಫರ ‘ಲೋಕದ ಕಾಳಜಿ’ಯೂ ಬಂತು.

ಗಿಟಾರಿಗೆ ಬಂದಾಗ ಪದಕ್ಕೆ ಏನಾಗುತ್ತದೆ? ನಮ್ಮಲ್ಲಿ ಒಬ್ಬರಿಗೆ ಸ್ವಲ್ಪ ಪೇಟಿ ಬರುತ್ತದೆ, ಒಬ್ಬರಿಗೆ ಗಿಟಾರ್. ಇಬ್ಬರೂ ಕೂತು ನುಡಿಸಿ ನೋಡಿದರು.

ಏಕತಾರಿ ಒಂದೇ ಸ್ವರ ಹಿಡಿದು ನಿಂತಿರುತ್ತದೆ. ಹಾಡುವವರು ಎಷ್ಟೇ ಏರಲಿ, ಇಳಿಯಲಿ, ಅದು ಕದಲುವುದಿಲ್ಲ. ಹೊಲದ ನಡುವಿನ ಬನ್ನಿಗಿಡದ ಹಾಗೆ, ಎಲ್ಲಿ ತಿರುಗಿದರೂ ಕಾಣುತ್ತಿರುತ್ತದೆ. ಗಿಟಾರಿನಲ್ಲಿ ಆರು ತಂತಿ. ಒಂದು ಬೀಸಿಗೆ ಮೂರ್ನಾಲ್ಕು ಸ್ವರ ಕೂಡಿ ಹೊರಡುತ್ತವೆ, ಅದನ್ನು ಕಾರ್ಡ್ ಎನ್ನುತ್ತಾರೆ. ಸಾಲು ಅದೇ, ರಾಗವೂ ಅದೇ, ಕೆಳಗಿನ ಕಾರ್ಡ್ ಬದಲಾದರೆ ಸಾಕು, ಅದೇ ಮಾತು ಒಮ್ಮೆ ನಗುವಿನಂತೆ, ಒಮ್ಮೆ ನಿಟ್ಟುಸಿರಿನಂತೆ ಕೇಳಿಸುತ್ತದೆ. ಬೆರಳು ತಂತಿಯ ಮೇಲೆ ಮೇಲೆ-ಕೆಳಗೆ ಆಡುವ ರೀತಿ ದಮ್ಮಡಿಯ ಕೆಲಸವನ್ನೂ ಮಾಡುತ್ತದೆ. ಅದಕ್ಕೇ ಕಾಲು ತಾನಾಗಿ ಕುಣಿಯುವುದು.

ಕಳೆಯುವುದೂ ಇದೆ. ನಮ್ಮ ಮೇಳದ ಹಿರಿಯರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಾರೆ, ನಡುವೆ ಎಲ್ಲೋ ಒಂದು ಕ್ಷಣ ಜೋತಾಡುತ್ತಾರೆ. ಕಾರ್ಡ್ ಆ ಜೋತಾಟಕ್ಕೆ ತಾಳ್ಮೆ ತೋರಿಸುವುದಿಲ್ಲ, ಬೇಗ ಒಂದು ಕಡೆ ನಿಲ್ಲು ಎನ್ನುತ್ತದೆ. 1940ರಲ್ಲಿ ರೇಡಿಯೊದವರು ಪೇಟಿಯ ಮೇಲೆ ಹೊರಿಸಿದ ಅಪವಾದವೂ ಇದೇ. ಅಪವಾದ ಸುಳ್ಳಾಗಿರಲಿಲ್ಲ, ಆದರೂ ಪೇಟಿ ಉಳಿಯಿತು.

ಶರೀಫರ ಪದ ಗಿಟಾರಿಗೆ ಇಷ್ಟು ಸಲೀಸಾಗಿ ಒಗ್ಗಿದ್ದೇಕೆ ಎಂದೂ ಯೋಚಿಸಿದೆವು. ಸಾಲುಗಳು ಗಿಡ್ಡ. ಪ್ರಾಸ ಸಾಲಿನ ಆರಂಭದಲ್ಲೇ ಬಂದು ಬಡಿಯುತ್ತದೆ. ಪಲ್ಲ ಮತ್ತೆ ಮತ್ತೆ ಬರುತ್ತದೆ, ಒಮ್ಮೆ ಕೇಳಿದವರೂ ಎರಡನೇ ಸಲ ದನಿಗೂಡಿಸಬಹುದು. ಲಿವರ್‌ಪೂಲ್‌ನ ಹುಡುಗರು ಹಾಡು ಕಟ್ಟಿದ್ದೂ ಹೆಚ್ಚುಕಡಿಮೆ ಹೀಗೇ. ಜಾತ್ರೆಯಲ್ಲಿ ನಿಂತ ಜನರ ಬಾಯಿಗೆ ಬರಬೇಕಾದ ಹಾಡು ಯಾವ ದೇಶದ್ದಾದರೂ ಇಂಥದ್ದೇ ಮೈಕಟ್ಟು ಬೇಡುತ್ತದೆ ಎಂದು ನಮ್ಮ ಅನಿಸಿಕೆ.

ಆ ಗ್ಯಾದರಿಂಗ್ ಆದ ಮೇಲೆ ನಮ್ಮ ಬಳಗದಲ್ಲಿ ಜಗಳವೇ ಆಯಿತು. ಕೆಲವರು ಹಿರಿಯರ ಪಕ್ಷ: ‘ಸತ್ತ ಮನ್ಯಾಗ ಹಾಡೋ ಪದಕ್ಕ ಕುಣೀತಾರಲ್ಲ, ಇದಕ್ಕ ಪುನರುಜ್ಜೀವನ ಅಂತೀರೇನು?’ ಉಳಿದವರು ಹುಡುಗರ ಪಕ್ಷ: ‘ಕುಣದ್ರೇನಾತು, ಹಾಡ್ಯಾರಲ್ಲ. ಹಾಡದಿದ್ರ ಸತ್ತ ಮನ್ಯಾಗೂ ಉಳೀತಿರಲಿಲ್ಲ.’ ಎರಡೂ ಮಾತಿನಲ್ಲಿ ಹುರುಳಿದೆ. ಮಾಳಿಗಿ ಪದವನ್ನು ನಾವು ಯಾವಾಗಲೂ ಕುಣಿತಕ್ಕೆ ಕೊಡಲಾರೆವು. ನಮ್ಮಲ್ಲಿ ಇಬ್ಬರು ತಮ್ಮ ಅಜ್ಜನ ಹೆಣದ ಮುಂದೆ ಅದನ್ನು ಕೇಳಿದವರು. ಆದರೆ ಗುಡುಗುಡಿ ಪದ ಮೊದಲಿಂದಲೂ ತುಂಟ ಪದ. ಗುಡುಗುಡಿ ಸೇದಲು ಕರೆದು, ದಮ್ಮು ಎಳೆಯುವಷ್ಟರಲ್ಲಿ ಒಳಗಿನದನ್ನೇ ಸುಡಲು ಹೇಳುವ ಪದ ಅದು. ಅದಕ್ಕೆ ಕುಣಿದರೆ ಶರೀಫಜ್ಜ ಬೇಸರಪಟ್ಟುಕೊಳ್ಳುತ್ತಿದ್ದರೆಂದು ನಮಗನಿಸುವುದಿಲ್ಲ. ಗಿರಣಿ ಕಂಡು ಪದ ಕಟ್ಟಿದವರು ಗಿಟಾರ್ ಕಂಡಿದ್ದರೆ ಬಿಡುತ್ತಿದ್ದರೆ?

ಜಗಳ ಮುಗಿಯದೆ, ಆ ಹುಡುಗನನ್ನೇ ಕೇಳಿದೆವು. ರಘು ದೀಕ್ಷಿತ್ ಬರೆದದ್ದೆಂದು ನಿನಗೆ ಯಾರು ಹೇಳಿದರು? ಅವನು ಫೋನ್ ತೆಗೆದು ತೋರಿಸಿದ. ಅವನು ಕಲಿತದ್ದು ಅರ್ಧ ನಿಮಿಷದ ರೀಲ್‌ಗಳಿಂದ. ಅಲ್ಲಿ ಪಲ್ಲ ಮಾತ್ರ ಇದೆ, ಹಾಡುಗಾರನ ಹೆಸರಿದೆ. ಬರೆದವರ ಹೆಸರಿಲ್ಲ.

ಆಗ ನಮಗೆ ಹೊಳೆದದ್ದನ್ನು ಬರೆಯಲಿಕ್ಕೇ ಈ ಲೇಖನ. ನಮ್ಮ ಪದಗಳಲ್ಲಿ ಕವಿ ತನ್ನ ಹೆಸರನ್ನು ಎಲ್ಲಿ ಇಡುತ್ತಾನೆ? ಕೊನೆಯ ನುಡಿಯಲ್ಲಿ. ಅಂಕಿತ ಎಂದು ಅದಕ್ಕೇ ಕರೆಯುವುದು. ಇದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಆದಿಕೇಶವನ ಹೆಸರಿಟ್ಟದ್ದೂ ಕೊನೆಗೇ, ಶರೀಫರು ಶಿಶುನಾಳಧೀಶನನ್ನೂ ಗುರು ಗೋವಿಂದನನ್ನೂ ನೆನೆಯುವುದೂ ಕೊನೆಗೇ. ಪುಸ್ತಕ ಇಲ್ಲದ ಕಾಲದಲ್ಲಿ ಕವಿಗೆ ಇದ್ದ ಒಂದೇ ದಸ್ಕತ್ತು ಅದು. ಮೇಳದವರು ಪೂರ್ತಿ ಹಾಡುತ್ತಿದ್ದರಿಂದ ಪ್ರತಿ ಸಲವೂ ದಸ್ಕತ್ತು ಕೇಳಿಸುತ್ತಿತ್ತು, ಬರೆದವರಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಕ್ಯಾಸೆಟ್ಟಿನ ಹಾಡಿಗೆ ಕೆಲವು ನುಡಿ ಬಿಡಬೇಕಾಯಿತು, ಆದರೂ ಡಬ್ಬಿಯ ಮೇಲೆ ಶರೀಫರ ಹೆಸರು ದೊಡ್ಡದಾಗಿ ಇರುತ್ತಿತ್ತು. ಗಿಟಾರ್ ಗುಂಪಿನ ಹಾಡೂ ಶರೀಫರನ್ನು ಮರೆಸಲಿಲ್ಲ. ರೀಲ್ ಮಾತ್ರ ಅಂಕಿತ ಬರುವ ಮೊದಲೇ ಮುಗಿಯುತ್ತದೆ. ಕಾಗದದ ಕೆಳಗಿನ ಸಹಿ ಹರಿದು, ಮೇಲಿನ ಅರ್ಧ ಮಾತ್ರ ಹಂಚಿದ ಹಾಗೆ.

ನಮ್ಮ ಜಗಳ ಗಿಟಾರಿನ ಮೇಲೆ ಇದ್ದದ್ದೇ ತಪ್ಪಾಗಿತ್ತು. ಲೋನಿ ಡಾನಿಗನ್ ಹಾಡನ್ನು ಪೂರ್ತಿ ಹಾಡಿದರೂ ಆ ಜೈಲಿನ ಕೈದಿಗಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ, ಯಾಕೆಂದರೆ ಅವರು ಹೆಸರು ಹೊಲಿದಿರಲಿಲ್ಲ. ಶರೀಫರು ಹೊಲಿದಿದ್ದರು. ಎಷ್ಟೇ ತಂತಿಯ ಮೇಲೆ ಹಾಡಿದರೂ ಕೊನೆಯ ನುಡಿಗೆ ಬಂದರೆ ಅವರು ಸಿಗುತ್ತಾರೆ.

ಶ್ರಾವಣದ ಒಂದು ಸೋಮವಾರ ಆ ಹುಡುಗನನ್ನು ದಮ್ಮಡಿಯ ಹಿರಿಯರ ಊರಿಗೆ ಕರೆದುಕೊಂಡು ಹೋದೆವು. ಗುಡಿಯ ಪೌಳಿಯಲ್ಲಿ ಏಳೆಂಟು ಮಂದಿ, ಎಲ್ಲರೂ ಐವತ್ತು ದಾಟಿದವರು. ಗಿಟಾರ್ ಕಂಡು ಒಬ್ಬರು, ‘ಇದಕ್ಕ ಕರೆಂಟ್ ಬೇಕೇನೊ?’ ಅಂದರು. ಬೇಡ ಅಂದ. ಪೇಟಿಯವರು ಕರಿ ಒಂದರ ಮೇಲೆ ಶ್ರುತಿ ಹಿಡಿದರು. ಹುಡುಗನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಕಿವಿ ಕೊಟ್ಟು ಕೇಳಿ, ಗಿಟಾರಿನ ಕತ್ತಿನ ಮೊದಲ ಮನೆಗೆ ಒಂದು ಕ್ಲಿಪ್ ಹಾಕಿ ಹೊಂದಿಸಿಕೊಂಡ. ಪೇಟಿಯವರು ತಲೆಯಾಡಿಸಿದರು.

ಧಾಟಿ ಬೇರೆ ಇತ್ತು. ಅಶ್ವತ್ಥರದಲ್ಲ, ರಘು ದೀಕ್ಷಿತರದೂ ಅಲ್ಲ. ಎರಡು ನುಡಿಯವರೆಗೆ ಹುಡುಗ ತಡಕಾಡಿದ. ಒಂದು ಕಡೆ ಕಾರ್ಡ್ ಬದಲಿಸಿದಾಗ ದಮ್ಮಡಿಯವರು ಕಣ್ಣು ದೊಡ್ಡದು ಮಾಡಿ ಅವನ ಕಡೆ ನೋಡಿದರು, ಬೇಡವೆಂದೋ ಚಲೋ ಆಯಿತೆಂದೋ ತಿಳಿಯಲಿಲ್ಲ. ಮೂರನೆಯದರಿಂದ ಅವನು ಕಾರ್ಡ್ ಬದಲಿಸುವುದನ್ನೇ ಬಿಟ್ಟು, ಎರಡೇ ತಂತಿ ಮೀಟುತ್ತ ಏಕತಾರಿಯ ಜೊತೆ ನಿಂತ. ಅವನು ಎಂದೂ ಕೇಳಿರದ ನುಡಿಗಳು ಒಂದರ ಹಿಂದೆ ಒಂದು ಬಂದವು. ಕೊನೆಯ ನುಡಿ ಬಂದಾಗ ಹಿರಿಯರು ದಮ್ಮಡಿ ನಿಲ್ಲಿಸಿ, ಅವನ ಕಡೆ ಬೆರಳು ತೋರಿಸಿ ಶಿಶುನಾಳದ ಹೆಸರು ಎತ್ತಿದರು. ಹಿಂದಿನವರ ಜೊತೆ ಅವನೂ ಹಿಡಿದ.

ನಾವು ಅದನ್ನು ಫೋನಿನಲ್ಲಿ ಹಿಡಿದಿದ್ದೇವೆ. ಹನ್ನೊಂದು ನಿಮಿಷ ಇದೆ. ಸ್ಟೇಟಸ್‌ಗೆ ಉದ್ದವಾಗುತ್ತದೆ, ಕತ್ತರಿಸಿ ಕೊಡಿ ಎಂದು ಹುಡುಗ ಕೇಳಿದ. ಎಲ್ಲಿಂದ ಕತ್ತರಿಸಲಿ ಎಂದದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ‘ಕೊನೀ ಅರ್ಧ ನಿಮಿಷ ಕೊಡ್ರಿ’ ಅಂದ.